ವಂಶವಾಹಿಯ ತೊಟ್ಟಿಲು

ಹುಬ್ಬಳ್ಳಿಯ ಗರ್ಭಪರೀಕ್ಷಾ ಕೇಂದ್ರದಲ್ಲಿದ್ದ ಯಂತ್ರಕ್ಕೆ ‘ಮುಂಗಾಣಿ’ ಎಂದು ಹೆಸರಿಟ್ಟವರಿಗೆ ತಾವು ಬಹಳ ಚೆಂದದ ಹೆಸರಿಟ್ಟೆವೆಂಬ ಹೆಮ್ಮೆಯಿತ್ತು. ನೋಡಲು ಅದು ಹೊಲಿಗೆಯಂತ್ರದಷ್ಟು ದೊಡ್ಡದೊಂದು ಬಿಳಿ ಪೆಟ್ಟಿಗೆ. ಬಸುರಿಯ ತೋಳಿನಿಂದ ಒಂದಿಷ್ಟು ರಕ್ತ ತೆಗೆದು ಅದಕ್ಕೆ ಉಣಿಸಿದರೆ ಸಾಕು. ತಾಯಿಯ ರಕ್ತದಲ್ಲಿ ಹೊಟ್ಟೆಯೊಳಗಿನ ಕೂಸಿನ ವಂಶವಾಹಿಗಳ ಚೂರುಗಳೂ ತೇಲಾಡುತ್ತಿರುತ್ತವೆ. ಮುಂಗಾಣಿ ಅವನ್ನು ಹೆಕ್ಕಿ, ಜೋಡಿಸಿ, ಓದಿ, ಯಾವುದು ಕೆಟ್ಟಿದೆ ಎಂಬುದನ್ನು ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟರಲ್ಲಿ ಹೇಳಿಬಿಡುತ್ತಿತ್ತು.

ಹೇಳುವುದೆಂದರೆ ಬಾಯಿಬಿಟ್ಟೇ ಹೇಳುವುದು. ತಾಯಿಗೆ ಅವಳದೇ ನುಡಿಯಲ್ಲಿ, ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕೆಂದು ಕಾನೂನಾಗಿತ್ತು. ಕಾನೂನು ಮಾಡಿದವರ ಉದ್ದೇಶ ಒಳ್ಳೆಯದೇ. ಆದರೆ ಸಾವಿರಾರು ವಂಶವಾಹಿಗಳಿಗೆ ಕನ್ನಡದ ಹೆಸರು ಎಲ್ಲಿಂದ ತರುವುದು? ಅದಕ್ಕಾಗಿ ಧಾರವಾಡದಲ್ಲಿ ‘ಜೀವನಾಮ ಮಂಡಳಿ’ ಎಂಬುದೊಂದು ಹುಟ್ಟಿತು. ಅಲ್ಲಿನ ಪಂಡಿತರು ಲ್ಯಾಟಿನ್ನು ಗ್ರೀಕುಗಳ ಬೇರು ಕಿತ್ತು, ಸಂಸ್ಕೃತದ ಗೊಬ್ಬರ ಹಾಕಿ, ಕನ್ನಡದ ಕುಂಡದಲ್ಲಿ ನೆಟ್ಟರು. ಕೆಲವು ಚಿಗುರಿದವು, ಬಹಳಷ್ಟು ಬಾಡಿದವು. ಬಾಡಿದ ಹೆಸರುಗಳನ್ನೂ ಮುಂಗಾಣಿ ಅದೇ ಜೇನಿನಂಥ ದನಿಯಲ್ಲಿ ಹೇಳುತ್ತಿತ್ತು.

ಆ ಯಂತ್ರವನ್ನು ನಡೆಸುವ ಕೆಲಸ ಸುಪ್ರಭಾಳದು. ರಕ್ತ ತೆಗೆಯುವುದು, ಯಂತ್ರ ಮಾತಾಡುವಾಗ ತಾಯಿಯ ಪಕ್ಕ ಕೂರುವುದು, ಕೊನೆಗೆ ಆಕೆ ‘ಇರಲಿ’ ಎಂದರೆ ಹಸಿರು ಗುಂಡಿ, ‘ಬ್ಯಾಡ’ ಎಂದರೆ ಕೆಂಪು ಗುಂಡಿ ಒತ್ತುವುದು. ಕೆಂಪು ಒತ್ತಿದರೆ ಮುಂದಿನದನ್ನು ಆಸ್ಪತ್ರೆಯವರು ನೋಡಿಕೊಳ್ಳುತ್ತಿದ್ದರು. ಸುಪ್ರಭಾ ಯಾರಿಗೂ ಬುದ್ಧಿ ಹೇಳುವ ಹಾಗಿರಲಿಲ್ಲ. ಹೇಳಿದರೆ ಕೆಲಸ ಹೋಗುತ್ತಿತ್ತು.

ಅವಳ ಮಗಳು ಶಾವಂತಿ ಹುಟ್ಟಿದ್ದು ಮುಂಗಾಣಿ ಬರುವುದಕ್ಕೆ ಮೊದಲು. ಅತ್ತೆ ನೀಲವ್ವನ ತಾಯಿಯ ಹೆಸರನ್ನೇ ಕೂಸಿಗೆ ಇಟ್ಟಿದ್ದರು. ನಮ್ಮ ಕಡೆ ಸೇವಂತಿಗೆಯನ್ನು ಶಾವಂತಿ ಎನ್ನುತ್ತಾರೆ. ಹುಡುಗಿ ತಡವಾಗಿ ನಡೆದಳು, ಇನ್ನೂ ತಡವಾಗಿ ಮಾತಾಡಿದಳು. ಈಗ ಹತ್ತು ವರ್ಷವಾದರೂ ಓಣಿಯ ಅಂಗಡಿಗೆ ಹೋದರೆ ತಿರುಗಿ ಬರುವ ದಾರಿ ಮರೆಯುತ್ತಿದ್ದಳು. ಹಾಗೆ ಮರೆತಾಗ ಹೆದರುತ್ತಿರಲಿಲ್ಲ, ಯಾರದಾದರೂ ಕಟ್ಟೆಯ ಮೇಲೆ ಕೂತು ಅವರ ಮನೆಯ ಕಾಳು ಹಸನು ಮಾಡಿಕೊಡುತ್ತಿದ್ದಳು. ಓಣಿಯವರು ಅವಳನ್ನು ಕೈಹಿಡಿದು ತಂದು ಬಿಟ್ಟು, ಚಹಾ ಕುಡಿದು ಹೋಗುತ್ತಿದ್ದರು. ಅವಳಿಗೆ ಏನಾಗಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಶಾವಂತಿ ಅಂದರೆ ಶಾವಂತಿ, ಅಷ್ಟೇ.

ಶಾಲೆಯ ಮಕ್ಕಳೆಲ್ಲರ ವಂಶವಾಹಿ ಓದಬೇಕೆಂಬ ಆದೇಶ ಬಂದ ಮೇಲೆ ಈ ನೆಮ್ಮದಿ ಹಾಳಾಯಿತು. ಶಾಲೆಗೇ ಒಂದು ಸಣ್ಣ ಮುಂಗಾಣಿಯನ್ನು ತಂದರು. ಶಾವಂತಿಯ ಸರದಿ ಬಂದಾಗ ಅದು ಇಡೀ ತರಗತಿಗೆ ಕೇಳುವಂತೆ, ಅದೇ ಜೇನಿನಂಥ ದನಿಯಲ್ಲಿ, “ಈ ಮಗುವಿಗೆ ಪೆದ್ದು ದೋಷವಿದೆ” ಎಂದಿತು.

ಬೈಗುಳವಲ್ಲ, ಅದು ವೈದ್ಯಕೀಯ ಪದ. ಮಂಡಳಿಯ ಮುದ್ರೆ ಬಿದ್ದ ಪಾರಿಭಾಷಿಕ ಪದ! ಮರುದಿನದಿಂದ ಓಣಿಯ ಹುಡುಗರಿಗೆ ಹೇಳಿ ಮಾಡಿಸಿದ ಹಾಗಾಯಿತು. ಬೈಯಬೇಡಿ ಎಂದು ಗದರಿದರೆ, “ನಾವ್ ಬೈದಿಲ್ರೀ, ಮಿಷನ್ ಹೇಳೇತಿ” ಎನ್ನುತ್ತಿದ್ದರು.

“ನಮ್ಮ ಕಾಲದಾಗ ಮೈಮ್ಯಾಲ ಗುಳ್ಳಿ ಎದ್ರ ದೇವಿ ಬಂದಾಳ ಅಂತಿದ್ವಿ,” ಎಂದು ನೀಲವ್ವ ಸಿಡಿದಳು. “ಬ್ಯಾನಿಗೂ ಮರ್ಯಾದಿ ಕೊಡ್ತಿದ್ವಿ. ಇದ್ಯಾವ ಸುಡುಗಾಡ ಮಿಷನ್ನು, ಕೂಸಿನ ಮಾರಿ ನೋಡಿ ಪೆದ್ದು ಅಂತೈತಿ?”

ಸುಪ್ರಭಾಳ ಗಂಡ ಮಹಾಂತೇಶ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್. ಅವನು ಮಾತಾಡುವುದೇ ಕಡಿಮೆ. “ನೀ ಅಲ್ಲೇ ಕೆಲಸಾ ಮಾಡ್ತಿ. ಆ ಹೆಸರು ಎಲ್ಲಿಂದ ಬಂತು ಅಂತರ ಕೇಳು,” ಎಂದಷ್ಟೇ ಹೇಳಿದ.

ಹೆಸರು ಎಲ್ಲಿಂದ ಬಂದಿತ್ತೆಂದರೆ ನೊಣಗಳಿಂದ. ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಬಾಳೆಹಣ್ಣಿನ ಮೇಲೆ ಕೂರುವ ಸಣ್ಣ ನೊಣಗಳನ್ನು ಸಾಕಿ, ಅವುಗಳ ವಂಶವಾಹಿಗಳನ್ನು ಒಂದೊಂದಾಗಿ ಕೆಡಿಸಿ, ಏನಾಗುತ್ತದೆ ಎಂದು ನೋಡುವ ಕೆಲಸ ನಡೆಯುತ್ತಿತ್ತು. ಅಲ್ಲಿ ಜೀವಮಾನವನ್ನೇ ಕಳೆದು ನಿವೃತ್ತರಾದರೂ ದಿನಾ ಬಂದು ಕೂರುತ್ತಿದ್ದ ಪ್ರೊಫೆಸರ್ ಅಚ್ಯುತರಾವ್ ಇನಾಮದಾರರನ್ನು ಸುಪ್ರಭಾ ಹುಡುಕಿಕೊಂಡು ಹೋದಳು. ಕೋಣೆಯ ತುಂಬ ಕೊಳೆತ ಹಣ್ಣಿನ ಹುಳಿವಾಸನೆ. ಗಾಜಿನ ಸೀಸೆಗಳಲ್ಲಿ ನೊಣಗಳು ಗಿಜಿಗುಡುತ್ತಿದ್ದವು.

“ನಾನ ಇಟ್ಟ ಹೆಸರದು,” ಎಂದರು ಪ್ರೊಫೆಸರರು, ಮೊಮ್ಮಗನನ್ನು ತೋರಿಸುವ ಖುಷಿಯಲ್ಲಿ. “ಈ ಜೀನ್ ಕೆಟ್ಟ ನೊಣಕ್ಕ ಸಕ್ಕರಿ ಎಲ್ಲದ ಅಂತ ಎಷ್ಟ ಸಲ ತೋರಿಸಿದ್ರೂ ನೆನಪ ಉಳೀತಿದ್ದಿಲ್ಲ. ಲ್ಯಾಬಿನ್ಯಾಗ ಎಲ್ಲಾರೂ ನಕ್ಕು ಪೆದ್ದು ಅಂತ ಕರೀಲಿಕ್ಕತ್ತಿದ್ರು. ನಾ ಅದನ್ನ ಹಂಗ ಪ್ರಬಂಧಕ್ಕ ಹಾಕಿಬಿಟ್ಟೆ. ನೊಣದವ್ರ ಪದ್ಧತೀನ ಹಂಗರೀ ತಂಗಿ. ಏನು ಇಲ್ಲದಂಗ ಆಗ್ತದೋ ಅದರ ಹೆಸರ ಇಡ್ತೀವಿ. ಕಣ್ಣ ಮೂಡಿಸೋ ಜೀನಿಗೆ ‘ಕಣ್ಣಿಲ್ಲದ್ದು’ ಅಂತ ಹೆಸರದ, ಗೊತ್ತೇನು? ಅದು ಕೆಟ್ರ ಕಣ್ಣ ಮೂಡೂದಿಲ್ಲ, ಅದಕ್ಕ.”

“ಅಂದ್ರ ಜಾಣತನದ ಜೀನಿಗೆ ಪೆದ್ದು ಅಂತ ಹೆಸರಿಟ್ರೀ.”

“ಹಾಂ! ಖರೇ ಹೇಳಿದ್ರಿ ನೋಡ್ರಿ. ಇಡೀ ಜಗತ್ತು ಆ ಹೆಸರು ಒಪ್ಪಿಕೊಂತು. ಜರ್ಮನಿಯವ್ರೂ ‘ಪೆದ್ದು’ ಅಂತಾರ.”

“ಸರ್, ಆ ಜೀನು ನನ್ನ ಮಗಳ ಮೈಯಾಗೂ ಕೆಟ್ಟೈತ್ರಿ.”

ಮುದುಕರ ಮುಖ ಇಳಿದುಹೋಯಿತು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಒರೆಸಿದರು. ಅವರು ಕೆಟ್ಟವರಲ್ಲ. ನೊಣಕ್ಕಿಟ್ಟ ಹೆಸರು ಒಂದು ದಿನ ಶಾಲೆಯ ಬೆಂಚಿನ ಮೇಲೆ ಕೂತ ಹುಡುಗಿಯ ಮೇಲೆ ಬೀಳುತ್ತದೆಂದು ಪಾಪ, ಅವರು ಕನಸಿನಲ್ಲೂ ಎಣಿಸಿರಲಿಲ್ಲ. ತಾವೇ ಎದ್ದು ಅವಳನ್ನು ಮಂಡಳಿಗೆ ಕರೆದುಕೊಂಡು ಹೋದರು.

ಮಂಡಳಿಯ ಅಧ್ಯಕ್ಷೆ ಡಾಕ್ಟರ್ ವೈಜಯಂತಿ ಕುಷ್ಟಗಿ ಪದಗಳ ಹುಟ್ಟು ಗೊತ್ತಿದ್ದ ಹೆಂಗಸು. ಮನುಷ್ಯರಿಗಿಂತ ಶಬ್ದಗಳ ಮೇಲೆಯೇ ಅವರಿಗೆ ಹೆಚ್ಚು ಅಕ್ಕರೆ. ಸುಪ್ರಭಾಳ ಅಹವಾಲು ಕೇಳಿ ಅವರು ಚಹಾ ತರಿಸಿ, ನಿಧಾನಕ್ಕೆ ತಿಳಿಹೇಳಿದರು.

“ನೋಡ್ರಿ, ವೈದ್ಯಕೀಯದಾಗ ಸರಿಯಾದ ಹೆಸರು ಅನ್ನೋದ ಇಲ್ಲ. ಧಮನಿ ಅಂತೀವಿ. ಧಮ್ ಅಂದ್ರ ಊದೂದು. ಗ್ರೀಕರ ಆರ್ಟರಿಯೊಳಗೂ ಗಾಳೀನ ಅದ ಅಂತಾರ. ಹೆಣ ಕೊಯ್ದು ನೋಡಿದ್ರ ಆ ನಾಳ ಖಾಲಿ ಇರ್ತಿತ್ತು, ಅದರಾಗ ಗಾಳಿ ಓಡ್ತದ ಅಂತ ತಿಳಕೊಂಡ್ರು. ಎರಡೂ ಕಡೆ ಒಂದ ತಪ್ಪು! ಕ್ಯಾನ್ಸರ್ ಅಂದ್ರ ಏಡಿ. ಮಸಲ್ ಅಂದ್ರ ಸಣ್ಣ ಇಲಿ, ತೋಳ ಮಡಚಿದ್ರ ಚರ್ಮದ ಕೆಳಗ ಇಲಿ ಓಡಿದಂಗ ಕಾಣ್ತದಂತ. ಇವತ್ತ ಯಾರರ ಇಲಿ ನೆನಸ್ತಾರೇನು? ಶಬ್ದ ಸವೀತದ. ಒಂದ ಐವತ್ತ ವರ್ಷ ಹೋದ್ರ ‘ಪೆದ್ದು’ ಅಂದಾಗೂ ಯಾರಿಗೂ ಏನೂ ಅನಸೂದಿಲ್ಲ.”

“ಐವತ್ತ ವರ್ಷ ನನ್ನ ಮಗಳು ಶಾಲಿಗೆ ಹೋಗದ ಕಾಯಬೇಕೇನ್ರಿ?” ಎಂದಳು ಸುಪ್ರಭಾ.

ವೈಜಯಂತಿಯವರು ನಿಯಮದ ಪುಸ್ತಕ ತೆರೆದರು. ತೊಡಕು ಬಂದಾಗ ಅದನ್ನೇ ನೋಡುವುದು ಅವರ ರೂಢಿ. ನಿಯಮದಲ್ಲಿ ದಾರಿಯೂ ಸಿಕ್ಕಿತು. ಘನತೆಗೆ ಕುಂದು ತರುವ ಹೆಸರನ್ನು ಒಂದೇ ಒಂದು ಸಲ ಬದಲಿಸಬಹುದು. ಬದಲಿಗೆ ಕಂಡುಹಿಡಿದವರ ಹೆಸರನ್ನೋ, ಕಂಡುಹಿಡಿದ ಊರಿನ ಹೆಸರನ್ನೋ, ಅದು ಮೊದಲು ಪತ್ತೆಯಾದ ವ್ಯಕ್ತಿಯ ಹೆಸರನ್ನೋ ಇಡಬಹುದು.

“ಹಂಗಾದ್ರ ಇನಾಮದಾರ ದೋಷ ಅನ್ನೋಣ,” ಎಂದರು ವೈಜಯಂತಿ.

“ಬ್ಯಾಡ, ಬ್ಯಾಡ!” ಪ್ರೊಫೆಸರರು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. “ನನ್ನ ಮೊಮ್ಮಕ್ಕಳು ಮದವಿಗಿದ್ದಾರ. ಮನಿತನದ ಹೆಸರದು.”

“ಧಾರವಾಡ ದೋಷ?”

ಮೇಜಿನ ಸುತ್ತ ಕೂತಿದ್ದ ಮಂಡಳಿಯ ಇತರ ಸದಸ್ಯರು ಒಂದೇ ಬಾಯಲ್ಲಿ ಬೇಡವೆಂದರು. ಧಾರವಾಡ ಎಂದರೆ ಜಗತ್ತಿಗೆ ಪೇಡೆ ನೆನಪಾಗಬೇಕು, ಸಂಗೀತ ನೆನಪಾಗಬೇಕು, ಇದೇಕೆ ನೆನಪಾಗಬೇಕು ಎಂದು ಒಬ್ಬರು ಬಿಸಿಯಾದರು.

ಹಾಗಾದರೆ ಉಳಿದದ್ದು ಮೂರನೆಯ ದಾರಿ. ಮನುಷ್ಯರಲ್ಲಿ ಈ ದೋಷವನ್ನು ಮುಂಗಾಣಿ ಮೊತ್ತಮೊದಲು ಗುರುತಿಸಿದ್ದು ಯಾರಲ್ಲಿ ಎಂದು ದಾಖಲೆ ನೋಡಿದರೆ, ಹುಬ್ಬಳ್ಳಿಯ ಒಂದು ಶಾಲೆಯ ಹುಡುಗಿಯಲ್ಲಿ.

“ಏನ್ರೀ ನಿಮ್ಮ ಮಗಳ ಹೆಸರು?”

“ಶಾವಂತಿ.”

ಕೋಣೆ ತಟ್ಟನೆ ಹಗುರವಾಯಿತು. ಎಂಥಾ ಹೆಸರು! ಹೂವಿನ ಹೆಸರು, ಅಚ್ಚ ಕನ್ನಡದ ಹೆಸರು, ಜರ್ಮನಿಯವರ ಬಾಯಲ್ಲೂ ಹೊರಳುವ ಹೆಸರು. ಬೇಡವೆಂದು ಒಬ್ಬರೂ ಹೇಳಲಿಲ್ಲ. ತಮ್ಮ ಮನೆತನದ ಹೆಸರಿಗೆ, ತಮ್ಮ ಊರಿನ ಹೆಸರಿಗೆ ಹೆದರಿದವರೆಲ್ಲ ಈಗ ತಲೆದೂಗಿದರು. ಯಾಕೆ ತಲೆದೂಗುತ್ತಿದ್ದಾರೆ ಎಂದು ಸುಪ್ರಭಾ ಒಂದು ಗಳಿಗೆ ಯೋಚಿಸಬೇಕಿತ್ತು. ಆದರೆ ಅವಳ ಕಣ್ಣು ತುಂಬಿತ್ತು. ಮಗಳನ್ನು ಪೆದ್ದು ಎಂದ ಯಂತ್ರ ಇನ್ನು ಮೇಲೆ ಊರೂರಲ್ಲಿ ಮಗಳ ಹೆಸರು ಹೇಳುತ್ತದೆ ಎಂದು ಅವಳ ಎದೆ ಉಬ್ಬಿತ್ತು. ಅವಳು ಸಹಿ ಹಾಕಿದಳು.

“ಊರ ಮಂದಿ ಬಾಯಾಗ ಮಗಳ ಹೆಸರ ಹಾಕಿ ಬಂದಿಯಲ್ಲ,” ಎಂದ ಮಹಾಂತೇಶ, ಊಟಕ್ಕೆ ಕೂತಾಗ.

“ಬೈಗಳ ಹೋಗಿ ಹೂವಿನ ಹೆಸರ ಬರ್ತೈತ್ರಿ. ಅದಕ್ಯಾಕ ಮಾರಿ ಸಣ್ಣ ಮಾಡ್ತೀರಿ?”

“ಆ ಪ್ರೊಫೆಸರು ತನ್ನ ಹೆಸರ ಯಾಕ ಕೊಡಲಿಲ್ಲ?”

ಸುಪ್ರಭಾ ರೊಟ್ಟಿಯನ್ನು ತಟ್ಟೆಗೆ ಸ್ವಲ್ಪ ಜೋರಾಗಿಯೇ ಹಾಕಿದಳು. ನೀಲವ್ವನಿಗೆ ಮಾತ್ರ ಹಿಡಿಸಲಾರದಷ್ಟು ಸಂತೋಷ. ತನ್ನ ತಾಯಿಯ ಹೆಸರು ಜಗತ್ತಿನ ಪುಸ್ತಕದಲ್ಲಿ ಸೇರುತ್ತದೆಂದು ಓಣಿಯ ತುಂಬ ಹೇಳಿಕೊಂಡು ಬಂದಳು.

ಮಂಡಳಿಯವರು ಕಾರ್ಯಕ್ರಮವನ್ನು ಬಲು ಜೋರಾಗಿ ಮಾಡಿದರು. ಕನ್ನಡದ ಸೊಗಡು ಇರಲಿ ಎಂದು ಯಾರಿಗೋ ಹೊಳೆದು, ಪ್ರಯೋಗಾಲಯದಲ್ಲೇ ತೊಟ್ಟಿಲು ಕಟ್ಟಿಸಿದರು. ಕೂಸಿನ ಜಾಗದಲ್ಲಿ, ರೇಷ್ಮೆ ಬಟ್ಟೆಯ ಮೇಲೆ, ನೊಣಗಳಿದ್ದ ಒಂದು ಗಾಜಿನ ಸೀಸೆ. ಸೋದರತ್ತೆ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುವುದು, ಹೇಳುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ನಮ್ಮ ಕಡೆಯ ರೂಢಿ. ಇಲ್ಲಿ ಸೋದರತ್ತೆಯಾದವರು ಡಾಕ್ಟರ್ ವೈಜಯಂತಿ. ಅವರು ಬಗ್ಗಿ ಸೀಸೆಗೆ, “ಕುರ್ರ್... ಶಾವಂತಿ” ಎಂದರು. ಬೆನ್ನಿಗೆ ಬಿದ್ದ ಗುದ್ದುಗಳಲ್ಲಿ ನೀಲವ್ವನದು ತುಸು ಬಲವಾಗಿಯೇ ಇತ್ತು. ಎಲ್ಲರೂ ನಕ್ಕರು. ನಿಜವಾದ ಶಾವಂತಿ ಹೊಸ ಲಂಗ ಹಾಕಿಕೊಂಡು ತೊಟ್ಟಿಲು ತೂಗಿದಳು. ಸೀಸೆಯೊಳಗಿನ ನೊಣಗಳನ್ನು ನೋಡಿ, “ಇವೂ ಶಾವಂತೀನ ಅವ್ವಾ?” ಎಂದು ಕೇಳಿದಳು.

“ಹೌದು ಬಂಗಾರ,” ಎಂದಳು ಸುಪ್ರಭಾ.

ಮೊದಲ ಕೆಲವು ತಿಂಗಳು ಹಿತವಾಗಿಯೇ ಇತ್ತು. ಕೇಂದ್ರದಲ್ಲಿ ಮುಂಗಾಣಿ ಮಗಳ ಹೆಸರು ಹೇಳಿದಾಗಲೆಲ್ಲ ಸುಪ್ರಭಾಳಿಗೆ ಮೈ ಜುಂ ಎನ್ನುತ್ತಿತ್ತು. “ನಿಮ್ಮ ಕೂಸಿಗೆ ಶಾವಂತಿ ಇದೆ” ಎಂದರೆ ಬಸುರಿಯರು ಏನೋ ಒಳ್ಳೆಯದೆಂದುಕೊಂಡು ನಗುತ್ತಿದ್ದರು. ಆಮೇಲೆ ಯಂತ್ರ ಶಾವಂತಿ ಎಂದರೇನೆಂದು ವಿವರಿಸುತ್ತಿತ್ತು. ನಗು ಆರುತ್ತಿತ್ತು. ಆಮೇಲೆ ಕೆಂಪು ಗುಂಡಿ. ಪೆದ್ದು ಎಂದು ಬೈಯುವ ಯಂತ್ರದ ಮೇಲೆ ಸಿಟ್ಟಿಗೆದ್ದು, ಹಟಕ್ಕಾದರೂ ‘ಇರಲಿ’ ಎನ್ನುತ್ತಿದ್ದ ತಾಯಂದಿರು, ಶಾಲೆಯ ಪರೀಕ್ಷೆಗೂ ಹೆಸರು ಬದಲಾದದ್ದಕ್ಕೂ ನಡುವಿನ ತಿಂಗಳುಗಳಲ್ಲಿ, ಕೆಲವರಿದ್ದರು. ಹೂವಿನ ಹೆಸರಿನ ಮೇಲೆ ಸಿಟ್ಟಾಗುವುದು ಹೇಗೆ?

ವರ್ಷ ತುಂಬುವುದರೊಳಗೆ ಆ ಪದಕ್ಕೆ ವಿವರಣೆಯೇ ಬೇಡವಾಯಿತು. ಕೇಂದ್ರದ ಬೆಂಚಿನ ಮೇಲೆ ಹೆಂಗಸರು ತಮ್ಮತಮ್ಮಲ್ಲೇ, “ನಮ್ಮ ನಾದಿನಿಗೆ ಶಾವಂತಿ ಇತ್ತಂತ, ತಗಸಿದ್ರು” ಎಂದು ಮಾತಾಡಿಕೊಳ್ಳುವುದು ಸುಪ್ರಭಾಳ ಕಿವಿಗೆ ಬೀಳುತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರ್ ತಡವರಿಸಿದ ಹುಡುಗನಿಗೆ, “ಲೇ, ಶಾವಂತಿ ಏನೋ ನೀ?” ಎಂದು ಗದರಿದ. ದುರ್ಗದ ಬೈಲಿನಲ್ಲಿ ಹೂ ಮಾರುವವಳು ಬಸುರಿಯರ ಮುಂದೆ ಆ ಹೆಸರು ಎತ್ತುವುದನ್ನೇ ಬಿಟ್ಟು, “ಹಳದಿ ಹೂವ, ಹಳದಿ ಹೂವ” ಎಂದು ಕೂಗತೊಡಗಿದಳು. ಪೆದ್ದು ಎಂದರೆ ಬರೀ ಒಂದು ಬೈಗುಳವಾಗಿತ್ತು, ಅದನ್ನು ಯಾರು ಬೇಕಾದರೂ ಯಾರಿಗೆ ಬೇಕಾದರೂ ಬೈಯಬಹುದಿತ್ತು. ಈಗ ಬೈಗುಳವೂ ಮಗಳ ಹೆಸರೂ ಒಂದೇ ಆಗಿದ್ದವು. ಹುಡುಗಿಯನ್ನು ಊಟಕ್ಕೆ ಕರೆಯುವುದಕ್ಕೂ ಸುಪ್ರಭಾ ಓಣಿಗೆ ಕೇಳದಂತೆ ಬಾಗಿಲು ಮುಂದಕ್ಕೆ ಮಾಡುವಂತಾಯಿತು. ನೀಲವ್ವ ತಾಯಿಯ ಹೆಸರೆತ್ತುವುದನ್ನು ನಿಲ್ಲಿಸಿದಳು. ಸೊಸೆಯನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ಸುಪ್ರಭಾಳಿಗೆ ಅನಿಸುತ್ತಿತ್ತು.

ಅವಳು ಮತ್ತೆ ಧಾರವಾಡಕ್ಕೆ ಹೋದಳು. ಪ್ರೊಫೆಸರರು ಆ ದಿನ ಪ್ರಯೋಗಾಲಯದಲ್ಲಿ ಇರಲಿಲ್ಲ, ಅಥವಾ ಇಲ್ಲವೆಂದು ಹೇಳಿಸಿದರು. ವೈಜಯಂತಿಯವರು ಮಾತ್ರ ಮೊದಲಿನ ಹಾಗೆಯೇ ಚಹಾ ತರಿಸಿದರು.

“ಒಂದ ಸಲ ಬದಲಿ ಮಾಡಿದ ಹೆಸರು ಇನ್ನೊಮ್ಮೆ ಬದಲಿ ಮಾಡಲಿಕ್ಕೆ ಬರೂದಿಲ್ರೀ ಸುಪ್ರಭಾ. ಜಗತ್ತಿನ ಪುಸ್ತಕದೊಳಗೆಲ್ಲ ಕೂತದ ಅದು.” ಅವರ ದನಿಯಲ್ಲಿ ನಿಜವಾದ ಮರುಕವಿತ್ತು. “ಒಂದ ಮಾತ ಹೇಳ್ತೀನಿ, ಸಿಟ್ಟ ಮಾಡಕೋಬ್ಯಾಡ್ರಿ. ಜೀನಿನ ಹೆಸರ ಬದಲಿ ಮಾಡೂದು ಕಷ್ಟ. ಮಗಳ ಹೆಸರ ಬದಲಿ ಮಾಡೂದು ಸಸಾರ.”

ಸುಪ್ರಭಾ ಮುಟ್ಟದ ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು. ತೊಟ್ಟಿಲಿಗೆ ಬಗ್ಗಿ ‘ಕುರ್ರ್’ ಎಂದ ಬಾಯಿ ಇದೇ ಎಂದು ನೆನಪಾಗಿ, ಆ ಮುಖಕ್ಕೆ ಲೋಟ ಎಸೆಯಬೇಕೆನಿಸಿತು. ಎಸೆಯಲಿಲ್ಲ. ನಮಸ್ಕಾರ ಹೇಳಿ ಎದ್ದು ಬಂದಳು. ಹಾಗೆ ನಮಸ್ಕಾರ ಹೇಳಿದ್ದಕ್ಕೆ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಶಾಲೆಯಲ್ಲಿ ಕಾಟ ಹೆಚ್ಚಾದ ಮೇಲೆ ಅವಳು ಮಗಳನ್ನು ತನ್ನ ಜೊತೆ ಕೇಂದ್ರಕ್ಕೇ ಕರೆತರತೊಡಗಿದಳು. ಹುಡುಗಿ ಮೂಲೆಯಲ್ಲಿ ಕೂತು ಹತ್ತಿಯ ಉಂಡೆ ಮಾಡುವಳು. ಬಂದವರಿಗೆ ನೀರು ಕೊಡುವಳು. ಒಂದು ಸೋಮವಾರ ನವಲಗುಂದದ ಕಡೆಯ ಬಸುರಿಯೊಬ್ಬಳು ಒಬ್ಬಳೇ ಬಂದಳು. ಯಂತ್ರ, “ನಿಮ್ಮ ಕೂಸಿಗೆ ಶಾವಂತಿ ಇದೆ” ಎಂದಿತು. ಆ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕತೊಡಗಿದಳು. ಇರಲಿ ಎನ್ನಲಿಲ್ಲ, ಬ್ಯಾಡ ಎನ್ನಲಿಲ್ಲ. ಸುಪ್ರಭಾ ನಿಯಮದಂತೆ ಸುಮ್ಮನೆ ಕೂತಿದ್ದಳು.

ಶಾವಂತಿ ನೀರಿನ ಲೋಟ ಹಿಡಿದು ಬಂದಳು. ಕುಡಿಸಿ, ತನ್ನ ಲಂಗದ ತುದಿಯಿಂದ ಆ ಹೆಂಗಸಿನ ಕಣ್ಣೊರೆಸಿದಳು. ಕಾಲ ಬಳಿ ಕೂತು, “ಅಳಬ್ಯಾಡ್ರಿ, ಇಲ್ಲೇ ಕೂಡ್ರಿ, ಯಾರರ ಬಂದು ಮನಿಗೆ ಮುಟ್ಟಸ್ತಾರ” ಎಂದಳು. ಅವಳಿಗೆ ಗೊತ್ತಿದ್ದ ದುಃಖ ಅದೊಂದೇ, ಅವಳಿಗೆ ಗೊತ್ತಿದ್ದ ಸಮಾಧಾನವೂ ಅದೊಂದೇ.

ಹೆಂಗಸಿನ ಬಿಕ್ಕು ನಿಂತಿತು. ಹುಡುಗಿಯ ತಲೆಯ ಮೇಲೆ ಕೈಯಿಟ್ಟಳು. “ಎಂಥಾ ಕೂಸರೀ ಇದು! ನಿಮ್ಮ ಮಗಳೇನ್ರಿ? ಇಂಥಾದ್ದೊಂದು ಹುಟ್ಟಿದ್ರ ನನಗ ಸಾಕಾಗಿತ್ತು.” ಆಮೇಲೆ ಬಗ್ಗಿ ಕೇಳಿದಳು, “ನಿನ್ನ ಹೆಸರೇನು ತಂಗಿ?”

ಈಗ ಒಂದೇ ಒಂದು ಮಾತು ಸಾಕಿತ್ತು. ಇವಳೇ ಶಾವಂತಿ, ನಿನ್ನ ಹೊಟ್ಟೆಯಲ್ಲಿರುವುದೂ ಇಂಥದ್ದೇ ಎಂದು ಹೇಳಿದ್ದರೆ ಹಸಿರು ಗುಂಡಿ ಒತ್ತಬಹುದಿತ್ತೇನೋ. ಸುಪ್ರಭಾಳ ಗಂಟಲವರೆಗೆ ಆ ಮಾತು ಬಂದೂ ಇತ್ತು. ಆದರೆ ತಿಂಗಳುಗಟ್ಟಲೆ ಬಾಗಿಲು ಮುಂದಕ್ಕೆ ಮಾಡಿ ಹೆಸರು ಕರೆದ ಬಾಯಿ ಅದು. ಮಗಳ ತಲೆಯ ಮೇಲಿನ ಆ ಕೈ ಎಲ್ಲಿ ಹಿಂದೆ ಸರಿಯುತ್ತದೋ ಎಂಬ ಹೆದರಿಕೆಗೆ, ತಾನು ಏನು ಹೇಳುತ್ತಿದ್ದೇನೆಂದು ತಿಳಿಯುವ ಮೊದಲೇ, “ಸುಮಾ ಅಂತ್ರಿ” ಎಂದುಬಿಟ್ಟಳು.

ಹುಡುಗಿ ತಿರುಗಿ ತಾಯಿಯ ಮುಖ ನೋಡಿ ಕಿಲಕಿಲನೆ ನಕ್ಕಳು. “ಅವ್ವಾ, ಮರತ್ಯೇನ? ನಾ ಶಾವಂತಿ.”

ತಲೆಯ ಮೇಲಿದ್ದ ಕೈ ನಿಧಾನವಾಗಿ ಮೇಲೆದ್ದಿತು. ಹೆಂಗಸು ಮೊದಲು ಹುಡುಗಿಯನ್ನು ನೋಡಿದಳು, ಆಮೇಲೆ ಬಹಳ ಹೊತ್ತು ಸುಪ್ರಭಾಳನ್ನು ನೋಡಿದಳು.

“ಹಡದಾಕಿಗೇ ಹೆಸರ ಹೇಳಾಕ ನಾಚಿಕಿ ಬರ್ತೈತಿ ಅಂದಮ್ಯಾಲ,” ಎಂದಳು, “ನಂಗ್ಯಾಕ್ರಿ? ಬ್ಯಾಡ ಅಂತ ಒತ್ರಿ.”

ಸುಪ್ರಭಾ ಕೆಂಪು ಗುಂಡಿ ಒತ್ತಿದಳು.

ಮಧ್ಯಾಹ್ನ ಇನ್ನೊಬ್ಬ ಬಸುರಿ ಗಂಡನ ಜೊತೆ ಬಂದಳು. ಶಾವಂತಿ ನೀರು ಒಯ್ದುಕೊಟ್ಟಳು. ಆಕೆ ಕುಡಿದು ಲೋಟ ತಿರುಗಿ ಕೊಡುತ್ತ, ಬರೀ ವಾಡಿಕೆಗೆ, ಹೆಸರೇನೆಂದು ಕೇಳಿದಳು. ಹುಡುಗಿ ಬಾಯಿ ತೆರೆದವಳು ತಾಯಿಯ ಮುಖ ನೋಡಿದಳು. ಎಷ್ಟು ಸಲ ತೋರಿಸಿದರೂ ಮನೆಯ ದಾರಿ ಕಲಿಯದ ಹುಡುಗಿ ಇದನ್ನು ಒಂದೇ ಸಲಕ್ಕೆ ಕಲಿತಿದ್ದಳು.

“ಸುಮಾ ಅಂತ್ರಿ,” ಎಂದಳು.